ಕತ್ತೆ ಹಾಲು ಮಾರಲು ಹೋಗಿ

ನಮ್ಮ ಮಾವನ ಕತ್ತೆ ಹಿಡಿದುಕೊಂಡು ಊರಿಗಾಂನಿಂದ ಬಂಗಾರಪೇಟೆ ಕಡೆಯ ಹಳ್ಳಿಗಳವರೆಗೂ ನಾನು ಕತ್ತೆ ಹಾಲು ಮಾರುತ್ತಿದ್ದೆ. ಹಸುಗೂಸಿಗೆ ಒಂದು ಒಳಲೆ ಕುಡಿಸಿದರೆ ಕೆಮ್ಮು ನೆಗಡಿ ಹತ್ತಿರ ಬರಲ್ಲ ಅಂತ ಅಜ್ಜಿಯರೆಲ್ಲ ನಂಬಿದ್ದರು. ನಾನೇಕೆ ಬೇಡ ಅನ್ನಲಿ?

ಒಂದು ಮನೆಯಲ್ಲಿ ಎರಡು ದಿನದ ಕೂಸು ಹಸಿದು ಗಂಟಲು ಹರಿಯುವಂತೆ ಅಳುತ್ತಿತ್ತು. ಬಾಣಂತಿಗೆ ಎದೆಹಾಲು ಕೊಡುವ ಆಸೆ. ಅವಳ ಅತ್ತೆ ಬಿಡುತ್ತಿರಲಿಲ್ಲ.

"ಮೊದಲ್ನೇ ಆಲು ಅಳದಿ ಇರ್ತದೆ, ಕೂಸಿಗೆ ಆಗಲ್ಲ. ಇಂಡಿ ಚೆಲ್ಲು," ಅಂದವಳೇ ಆ ಅಜ್ಜಿ ನನ್ನ ಕಡೆ ತಿರುಗಿ, "ನೀನ್ ಕತ್ತೆ ಆಲು ಕರಿ ಕಣ್ಲಾ," ಅಂದಳು.

"ಆ ಮೊದಲ್ನೇ ಆಲೇ ಕುಡ್ಸು ಅಂದ್ರು ನರ್ಸಮ್ಮ," ಅಂತ ಸೊಸೆ ಗೊಣಗಿದಳು.

"ನರ್ಸಮ್ಮ ಎಷ್ಟು ಎತ್ತವ್ಳೆ? ನಾನ್ ಐದು ಎತ್ತಿದೀನಿ."

ಅಷ್ಟರಲ್ಲಿ ಒಳಗಿನಿಂದ ಬೆಲ್ಲ, ಏಲಕ್ಕಿ ವಾಸನೆ ಬಂತು. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಒಲೆ ಮೇಲೇನಜ್ಜಿ?"

"ಗಿಣ್ಣು. ನಮ್ ಅಸ ನೆನ್ನೆ ಕರ ಆಕ್ತು."

"ಅದೂ ಮೊದಲ್ನೇ ಆಲೇ, ಅದೂ ಅಳದಿನೇ. ಕರದ ಗಿಣ್ಣು ಬೆಲ್ಲ ಆಕ್ಕೊಂಡು ನೀವ್ ತಿಂತೀರಿ, ಮೊಮ್ಮಗನ ಗಿಣ್ಣು ಬಚ್ಚಲಿಗೆ ಚೆಲ್ತೀರಿ. ನಮ್ ಕತ್ತೆನೂ ಅದನ್ನ ಮೊದ್ಲು ತನ್ ಮರಿಗೇ ಕುಡಿಸ್ತದೆ ಅಜ್ಜಿ."

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಜ್ಜಿ ಒಲೆ ಕಡೆ ನೋಡಿದಳು, ಕೂಸಿನ ಕಡೆ ನೋಡಿದಳು. "ಬಾಯಿ ಬಲು ಜಾಸ್ತಿ ಆಯ್ತು ಕಣ್ಲಾ ನಿಂದು, ಆಚೆ ನಡಿ," ಅಂದು ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಒಳಗೆ ಅಳು ನಿಂತಿತು.

ಸುದ್ದಿ ಮಾವನಿಗೂ ಮುಟ್ಟಿತು. ಈಗ ನನ್ನನ್ನು ಮೂಲಂಗಿ ಮಾರಲು ಕಳಿಸುತ್ತಾನೆ. ಮೂಲಂಗಿ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಅದಕ್ಕೇ ವ್ಯಾಪಾರ ಚೆನ್ನಾಗಿದೆ.