ಎಳೆ ಕಿತ್ತಾಗ ನಿಲ್ಲುವ ಬ್ಯಾಂಡು

ಮೊದಲ ದಿನದ ಅಭ್ಯಾಸದಲ್ಲಿ ಹಾಡು ಭರ್ಜರಿಯಾಗಿ ಓಡುತ್ತಿತ್ತು. ಇದ್ದಕ್ಕಿದ್ದಂತೆ ಗಿಟಾರು, ಬೇಸು, ಗಾಯಕ ಎಲ್ಲ ನಿಂತುಬಿಟ್ಟರು. ಮರೆತರೇನೋ ಎಂದುಕೊಂಡು ನಾನು ಧಡಧಡನೆ ಡ್ರಮ್ಸ್ ಬಾರಿಸಿ ಮಾನ ಉಳಿಸಹೋದೆ.

“ಅಯ್ಯೋ, ಸುಮ್ಕಿರಕ್ಕಾ!” ಎಂದು ಗಾಯಕ ಮುರುಗೇಶ ಕಿರುಚಿದ. “ಅಲ್ಲಿ ಯಾರೂ ಬಾರಿಸ್ಬಾರ್ದು.”

ನಾನು ಧಾರವಾಡದಿಂದ ಸೇಲಂಗೆ ಕಾಲೇಜಿನ ಕೆಲಸಕ್ಕೆ ಬಂದು ಆಗ ಎರಡು ತಿಂಗಳು. ತಮಿಳು ಬಾರದು, ಮಾತಾಡಲು ಜನವಿಲ್ಲ. ಸಂಜೆಯಾದರೆ ನಮ್ಮ ಮಂಡಕ್ಕಿ ಗಿರಮಿಟ್ಟು ನೆನೆದು ಅಳು ಬರುತ್ತಿತ್ತು. ಇಲ್ಲಿಯ ತಟ್ಟುವಡೈ ಸೆಟ್ಟು, ಅಂದರೆ ಎರಡು ಗರಿಗರಿ ವಡೆಗಳ ನಡುವೆ ಚಟ್ನಿ, ಬೀಟ್‌ರೂಟ್ ತುರಿ, ಹೊಟ್ಟೆಗಷ್ಟೇ ಆಗುತ್ತಿತ್ತು. ಅದನ್ನು ಮಾರುವ ಗಾಡಿಯೆದುರು ಕನ್ನಡದಲ್ಲಿ ಜಗಳವಾಡುತ್ತಿದ್ದವರೇ ಈ ಬ್ಯಾಂಡಿನವರು. ಅವರ ಡ್ರಮ್ಮರ್ ತಿರುಪ್ಪೂರಿಗೆ ಕೆಲಸಕ್ಕೆ ಹೋಗಿದ್ದ. ನನಗೆ ಡ್ರಮ್ಸ್ ಬರುತ್ತದೆ ಎಂದೆ, ಸೇರಿಸಿಕೊಂಡರು. ಇವರೂ ಕೈಬಿಟ್ಟರೆ ಈ ಊರಿನಲ್ಲಿ ನನಗೆ ಯಾರೂ ಇರಲಿಲ್ಲ.

ಬ್ಯಾಂಡಿನ ಹೆಸರು ‘ತರಿ’, ತಮಿಳಿನಲ್ಲಿ ಮಗ್ಗ. ಮನೆಮಾತು ಕನ್ನಡವಾದ ಇಲ್ಲಿಯ ನೇಕಾರ ಮನೆಯ ಈ ಅಣ್ಣತಮ್ಮಂದಿರು ಮೊದಲು ಮದುವೆಗಳಲ್ಲಿ ಸಿನಿಮಾ ಹಾಡು ನುಡಿಸಿದರಂತೆ, ಯಾರೂ ತಿರುಗಿ ನೋಡಲಿಲ್ಲವಂತೆ. ಆಮೇಲೆ ಮಗ್ಗದ ಲಯಕ್ಕೇ ಸ್ವಂತ ಹಾಡು ಕಟ್ಟಿದರು. ಎಳೆ ಕಿತ್ತುಹೋದರೆ ಮಗ್ಗ ನಿಲ್ಲಬೇಕು, ಗಂಟು ಹಾಕಿದ ಮೇಲೇ ಮುಂದಿನ ನೇಯ್ಗೆ. ಹಾಡೂ ಹಾಗೇ ನಡುವೆ ನಿಲ್ಲುತ್ತದೆ. ಆಗ ಕೇಳುವವರೆಲ್ಲ ಕೈಯೆತ್ತಿ, ಗಂಟು ಹಾಕುವವರಂತೆ ಬೆರಳು ಹೊಸೆಯುತ್ತಾರೆ. ಗಂಟು ಬಿತ್ತೆನ್ನಿಸಿದಾಗ ಮುರುಗೇಶ ಮಗ್ಗ ತುಳಿದಂತೆ ಕಾಲು ಬಡಿಯುತ್ತಾನೆ, ಅದೇ ಕ್ಷಣಕ್ಕೆ ಡ್ರಮ್ಸ್ ಬೀಳಬೇಕು. ಮಗ್ಗವನ್ನೇ ಮುಟ್ಟದ ಪಾಲಕೋಡ್‌ನ ಟೊಮೆಟೊ ಮಂಡಿಯವರೂ ಬೆರಳು ಹೊಸೆಯುತ್ತಾರೆ ಎಂದರೆ ನೋಡಿ!

ಕಂಬೈನಲ್ಲೂರಿನ ಕಾರ್ಯಕ್ರಮದಲ್ಲಿ ನಾನು ಮನಸ್ಸಿನಲ್ಲೇ ನಾಲ್ಕು ಎಣಿಸಿ ಬಾರಿಸಿದೆ. ಇನ್ನೂ ಎಲ್ಲರ ಕೈ ಮೇಲೇ ಇತ್ತು. ಜನ ನಕ್ಕರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಇನ್ನೊಂದ್ಸಲ ಇಂಗಾದ್ರೆ ಬ್ಯಾರೆಯವ್ರನ್ನ ನೋಡ್ಬೇಕಾಯ್ತದೆ,” ಎಂದ ಮುರುಗೇಶ, ನನ್ನ ಮುಖ ನೋಡದೆ.

ಮಾರನೆಯ ದಿನ ಅವನ ತಾಯಿ ರಾಜಮ್ಮ ನನ್ನನ್ನು ಮಗ್ಗಕ್ಕೆ ಕೂರಿಸಿದರು. ಬೇಕೆಂದೇ ಒಂದು ಎಳೆ ಕಿತ್ತು, “ಆಕು ಗಂಟು,” ಎಂದರು. ಕೂದಲಿನಂಥ ನೂಲು. ಬೆವರಿದ ಬೆರಳಿನಿಂದ ಜಾರಿತು, ಮತ್ತೆ ಜಾರಿತು.

“ಎಣಿಸ್ಬ್ಯಾಡ ಕಣಮ್ಮಾ. ಒಂದೊಂದ್ಸಲ ಬೇಗ ಕೂರ್ತದೆ, ಒಂದೊಂದ್ಸಲ ಸತಾಯಿಸ್ತದೆ. ಅವಸರ ಮಾಡಿದ್ರೆ ಸೀರೆ ಪೂರಾ ವೇಸ್ಟು.”

ಒಂದು ವಾರ ಅವರ ಬಳಿ ಗಂಟು ಹಾಕಿದೆ.

ಮುಂದಿನ ಕಾರ್ಯಕ್ರಮ ಕಾಡೈಯಾಂಪಟ್ಟಿಯಲ್ಲಿ; ಹಾಡು ನಡುವೆ ನಿಂತಿತು. ನಾನು ಎಣಿಸಲಿಲ್ಲ. ಇಲ್ಲದ ಎಳೆಯನ್ನು ಬೆರಳಲ್ಲಿ ಹೊಸೆದೆ, ಬಿಗಿದೆ. ಮುರುಗೇಶನ ಕಾಲು, ನನ್ನ ಕೋಲು ಒಟ್ಟಿಗೇ ಬಿದ್ದವು. ಜನ ಹೋ ಎಂದರು. ಇಳಿದು ಬಂದಾಗ ಮುರುಗೇಶ, “ಇನ್ನು ನೀನು ನಮ್ಮೋಳು ಕಣಕ್ಕಾ,” ಎಂದ. ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಆ ವಿಡಿಯೋವನ್ನು ಧಾರವಾಡಕ್ಕೆ ಕಳಿಸಿದೆ. ಅವ್ವ ಕೂಡಲೇ ಫೋನ್ ಮಾಡಿದಳು.

“ಛಲೋ ಐತಿ. ಆದ್ರ ನಡುವ ಯಾಕ ಸುಮ್ಮನ ಕುಂತಿ? ಮರತಿ ಏನ?”

ಮಗ್ಗ, ಎಳೆ, ಗಂಟು ಎಂದು ಏನೇನೋ ಹೇಳಿದೆ. ಅವಳಿಗೆ ನನ್ನ ಮೇಲೆ ಕನಿಕರ ಹೆಚ್ಚಾಯಿತೇ ಹೊರತು ಬೇರೇನಿಲ್ಲ.

“ಇರ್ಲಿ ಬಿಡವಾ, ಮನಸ್ಸಿಗೆ ಹಚ್ಕೋಬ್ಯಾಡ. ಮುಂದಿನ ಸಲ ಬರೋಬ್ಬರಿ ಬಾರಸ್ತಿ.”

“ಹೂಂ ಅವ್ವಾ,” ಎಂದೆ.