ಪ್ರಶ್ನೆ ಕೇಳಿದವಳ ದನಿ

ನಾನು ಏನು ಕಲಿಸುತ್ತೇನೆ ಎಂದು ಶಿವಮೊಗ್ಗದಲ್ಲಿ ಯಾರಾದರೂ ಕೇಳಿದರೆ ವಿವರಿಸುವುದು ಸುಲಭವಲ್ಲ. ಡಿಜಿಟಲ್ ಇತಿಹಾಸ ಎಂದರೆ ಎದುರಿನವರು ತಲೆಯಾಡಿಸಿ, ಹಾಗಾದರೆ ಹಳೇ ಪುಸ್ತಕ ಸ್ಕ್ಯಾನ್ ಮಾಡೋದಾ ಎನ್ನುತ್ತಾರೆ. ನನ್ನ ಬಾಡಿಗೆ ಮನೆಯ ಮಾಲೀಕರಂತೂ ಆಧಾರ್ ಕಾರ್ಡಿನ ತಿದ್ದುಪಡಿಗೆ ನೇರವಾಗಿ ನನ್ನ ಹತ್ತಿರವೇ ಬರುತ್ತಾರೆ. ವಿಶ್ವವಿದ್ಯಾಲಯದ ಒಳಗೂ ಕಥೆ ಬೇರೆಯಲ್ಲ. ಇತಿಹಾಸದವರು ನನ್ನನ್ನು ಕಂಪ್ಯೂಟರಿನವಳು ಎನ್ನುತ್ತಾರೆ, ಕಂಪ್ಯೂಟರಿನವರು ಇತಿಹಾಸದವಳು ಎನ್ನುತ್ತಾರೆ. ಮಧ್ಯಾಹ್ನ ಎರಡೂ ಕಡೆ ಡಬ್ಬಿಗಳು ತೆರೆದು, ಪಲ್ಯ ಉಪ್ಪಿನಕಾಯಿ ಕೈ ಬದಲಾಗುವಾಗ ನಾನು ಲ್ಯಾಬಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ನನ್ನ ಡಬ್ಬಿ ಮುಗಿಸುತ್ತೇನೆ. ಬರಬೇಡ ಎಂದು ಯಾರೂ ಹೇಳಿಲ್ಲ. ಬಾ ಎಂದೂ ಹೇಳಿಲ್ಲ.

ನಾನು ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಬೀಗರ ಹಾಗೆ ಕೂರಿಸಿ ಬಡಿಸುವುದೇನೂ ಇಲ್ಲ. ಪ್ರತಿವರ್ಷ ಪರೀಕ್ಷೆ ಮುಗಿದೊಡನೆ ಕೆಲಸ ಹೋಗುತ್ತದೆ, ತರಗತಿ ಶುರುವಾಗುವ ಹೊತ್ತಿಗೆ ಮತ್ತೆ ಅರ್ಜಿ ಹಾಕಬೇಕು. ಹೀಗೇ ಕೂದಲು ನೆರೆಯತೊಡಗಿದ ಮೇಲೆ ಒಂದು ವರ್ಷ ನನ್ನ ವಿಷಯಕ್ಕೇ ಒಂದು ಕಾಯಂ ಹುದ್ದೆ ಕರೆದರು. ಇದು ತಪ್ಪಿದರೆ ನನ್ನ ವಯಸ್ಸಿಗೆ ಇನ್ನೊಂದು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೈಯಲ್ಲಿದ್ದ ಬಂಡವಾಳ ಒಂದೇ, ಭದ್ರಾವತಿಯ ಕಾಗದನಗರದ ದನಿಗಳು. ಅಲ್ಲಿ ಕಾಗದದ ಕಾರ್ಖಾನೆಯವರಿಗಾಗಿ ಕಟ್ಟಿದ ಕ್ವಾರ್ಟರ್ಸಿನಲ್ಲಿ ಬದುಕಿದವರನ್ನು ಮಾತಾಡಿಸಿ, ಅದನ್ನು ರೆಕಾರ್ಡ್ ಮಾಡಿ, ಕಾಲೊನಿಯ ನಕ್ಷೆಯ ಮೇಲೆ ಇಟ್ಟಿದ್ದೆ. ಪರದೆಯ ಮೇಲೆ ಒಂದು ಮನೆಯನ್ನು ಒತ್ತಿದರೆ ಆ ಮನೆಯವರು ಮಾತಾಡುತ್ತಾರೆ.

ಈ ಕೆಲಸದಲ್ಲಿ ಒಂದು ಪದ್ಧತಿಯನ್ನು ನನ್ನ ಗುರುಗಳಿಂದ ಕಲಿತಿದ್ದೆ. ಸಂಶೋಧಕರು ಕಾಣಬಾರದು, ಜನರ ದನಿ ಮಾತ್ರ ಕೇಳಬೇಕು ಎನ್ನುತ್ತಿದ್ದರು. ಆದ್ದರಿಂದ ಪ್ರತಿ ಮಾತುಕತೆಯಿಂದ ನನ್ನ ಪ್ರಶ್ನೆಗಳನ್ನೆಲ್ಲ ಕತ್ತರಿಸುತ್ತಿದ್ದೆ. ಪ್ರಶ್ನೆ ಮಾತ್ರವಲ್ಲ, ನನ್ನ ‘ಹ್ಞೂಂ’, ‘ಆಮೇಲೆ?’, ‘ಅಯ್ಯೋ, ಹೌದಾ’, ಕಾಫಿ ಸಾಕು ಎಂದದ್ದು, ನಕ್ಕದ್ದು, ಎಲ್ಲವನ್ನೂ. ಪರದೆಯ ಮೇಲೆ ದನಿ ಏರಿಳಿತದ ಗೆರೆಯಾಗಿ ಕಾಣುತ್ತದೆ; ಕೇಳದೆಯೇ ನನ್ನ ಗೆರೆ ಯಾವುದೆಂದು ಗುರುತು ಹಿಡಿಯುವಷ್ಟು ಪಳಗಿದ್ದೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ನನ್ನನ್ನು ನಾನೇ ಆರಿಸಿ ಎಸೆಯುತ್ತಿದ್ದೆ. ವಿಭಾಗದ ಕಂಪ್ಯೂಟರಿನಲ್ಲಿ ಜಾಗ ಕಡಿಮೆ, ಹಾಗಾಗಿ ಮೂಲವನ್ನೂ ಅಳಿಸಿಬಿಡುತ್ತಿದ್ದೆ. ಆ ಶಿಸ್ತಿನ ಬಗ್ಗೆ ನನಗೆ ಒಂದಿಷ್ಟು ಜಂಬವೂ ಇತ್ತು.

ಹುದ್ದೆಯ ಸಂದರ್ಶನದ ದಿನ ಇಸ್ತ್ರಿ ಮಾಡಿಸಿದ ಇಳಕಲ್ ಸೀರೆ ಉಟ್ಟು ಹೋದೆ. ಸಮಿತಿಯಲ್ಲಿ, ಬೆಳಿಗ್ಗೆಯಷ್ಟೇ ಸೋಗಾನೆಯಲ್ಲಿ ವಿಮಾನ ಇಳಿದು ಬಂದಿದ್ದ ಹಿರಿಯರೊಬ್ಬರಿದ್ದರು. ಅವರು ನಕ್ಷೆ ತೆರೆಸಿ ಕಾಗದನಗರದ ಒಬ್ಬ ಅಮ್ಮನ ಮನೆಯನ್ನು ಒತ್ತಿದರು. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಹಗಲು ಮಲಗಿದಾಗ, ಮಕ್ಕಳ ಬಾಯಿಗೆ ಬೆಲ್ಲದ ಉಂಡೆ ತುರುಕಿ ಗಲಾಟೆ ನಿಲ್ಲಿಸುತ್ತಿದ್ದ ಕಥೆಯನ್ನು ಆ ಅಮ್ಮ ಹೇಳಿದ್ದರು. ಎಲ್ಲರೂ ನಕ್ಕರು, ಚೆನ್ನಾಗಿದೆ ಎಂದರು. ಆಮೇಲೆ ಆ ಹಿರಿಯರು ಮೆತ್ತಗೆ ಕೇಳಿದರು.

“ಎಲ್ಲ ಅವರೇ ಹೇಳಿದಾರೆ. ಇದರಲ್ಲಿ ನಿಮ್ಮ ಕೆಲಸ ಯಾವುದಮ್ಮ?”

ಆ ಅಮ್ಮ ನನ್ನನ್ನು ಮೊದಲ ಸಲ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದರು. ಮುಂದಿನ ಸಲ ಒಳಗೆ ಕರೆದು ನೀರು ಕೊಟ್ಟರು, ಮಾತಿಗೆ ಕೂರಲಿಲ್ಲ. ಪಾಳಿ ಕೆಲಸದ ನಮ್ಮಪ್ಪನ ಹಗಲು ನಿದ್ದೆಗೆ ನಾವೂ ತುದಿಗಾಲಲ್ಲಿ ಓಡಾಡುತ್ತಿದ್ದೆವು ಎಂದು ನಾನು ಹೇಳಿದ ಮೇಲೆ ತಾನೇ ಬೆಲ್ಲದ ಮಾತು ಹೊರಬಂದದ್ದು? ಅದನ್ನೆಲ್ಲ ಎಲ್ಲಿ ತೋರಿಸಲಿ, ನಾನೇ ತೆಗೆದು ಹಾಕಿದ್ದೆ. ಸಮಿತಿಯವರಿಗೆ ನಕ್ಷೆ ಮಾಡಿದ ಬಗೆಯನ್ನು ವಿವರಿಸಿದೆ. ಅದನ್ನು ಲ್ಯಾಬಿನ ಸಹಾಯಕರೂ ಮಾಡಬಹುದಲ್ಲ ಎಂದರು. ಹುದ್ದೆ ಬೇರೆಯವರಿಗೆ ಹೋಯಿತು. ಹೊಸಬರ ಸ್ವಾಗತಕ್ಕೆ ಮೈಸೂರುಪಾಕು ಹಂಚಿದಾಗ ವಿಭಾಗದವರು ಮರೆಯದೆ ನನ್ನ ಪಾಲನ್ನು ಲ್ಯಾಬಿಗೇ ಕಳಿಸಿಕೊಟ್ಟರು. ಸಿಹಿ ಚೆನ್ನಾಗಿಯೇ ಇತ್ತು. ನನಗೆ ಹೊಟ್ಟೆಕಿಚ್ಚಾಗಿತ್ತು, ಅದನ್ನು ಹೇಳಿಕೊಳ್ಳಲೂ ಅಲ್ಲಿ ಒಬ್ಬರಿರಲಿಲ್ಲ.

ಆ ಶನಿವಾರ ಭದ್ರಾವತಿಯ ಬಸ್ಸು ಹತ್ತಿದೆ. ಒಂದು ದಿನ ಬಂದು ನಿಮ್ಮ ಮಾತನ್ನು ನಿಮಗೇ ಕೇಳಿಸುತ್ತೇನೆ ಎಂದು ಆ ಅಮ್ಮನಿಗೆ ಹೇಳಿದ್ದೆ. ಅದು ನೆಪ, ಮನೆಯಲ್ಲಿ ಒಬ್ಬಳೇ ಕೂರಲು ಆಗಲಿಲ್ಲ. ಮಾಚೇನಹಳ್ಳಿಯಲ್ಲಿ ಪಾಳಿಗೆ ಹೋಗುವವರೆಲ್ಲ ಇಳಿದು ಬಸ್ಸು ಖಾಲಿಯಾಯಿತು. ಅಮ್ಮನ ಮಗನಿಗೂ ಅಲ್ಲೇ ಒಂದು ವರ್ಕ್‌ಶಾಪಿನಲ್ಲಿ ಕೆಲಸ. ಬೆಳಿಗ್ಗೆ ಅವನು ಹೊರಟರೆ ಸಂಜೆಯ ತನಕ ಮನೆಯಲ್ಲಿ ಅಮ್ಮ ಒಬ್ಬರೇ, ಕಾರ್ಖಾನೆ ಮುಚ್ಚಿ, ಅಕ್ಕಪಕ್ಕದ ಮನೆಗಳಿಗೆ ಬೀಗ ಬಿದ್ದು ಎಷ್ಟೋ ಕಾಲವಾಗಿತ್ತು.

ಫೋನಿನಲ್ಲಿ ಅವರ ಮಾತನ್ನು ಹಾಕಿ ಮುಂದೆ ಇಟ್ಟೆ. ಕೆನ್ನೆಗೆ ಕೈ ಕೊಟ್ಟು ಕೇಳಿದರು. ಬೆಲ್ಲದ ಕಥೆಗೂ ನಗಲಿಲ್ಲ. ಮುಗಿದ ಮೇಲೆ ಇನ್ನೊಂದು ಸಲ ಹಾಕಿಸಿದರು, ಏನನ್ನೋ ಹುಡುಕುವವರ ಹಾಗೆ.

“ನೀನೆಲ್ಲಿ ಮಾರಾಯ್ತಿ?” ಎಂದರು. “ಆವತ್ತು ಇಬ್ರೂ ಕೂತ್ಕೊಂಡು ಮಾತಾಡಿದ್ವಲ್ಲ. ಇದ್ರಲ್ಲಿ ನಾನೊಬ್ಳೇ ವಟವಟ ಅಂತಿದೀನಿ. ಹಗಲೆಲ್ಲ ಹಿಂಗೇ ಒಬ್ಳೇ ಮಾತಾಡ್ತೀಯ ಅಂತ ಮಗ ಬೈತಾನೆ. ಆವತ್ತೊಂದಿನ ಜೊತೇಲಿ ಯಾರೋ ಇದ್ರು ಅನ್ಕೊಂಡಿದ್ದೆ.”

ಪದ್ಧತಿಯೇ ಹಾಗೆ ಎಂದು ವಿವರಿಸಲು ಹೋದೆ. ಅದು ಅವರ ತಲೆಗೆ ಹೋಗಲಿಲ್ಲ. ಹೇಳುತ್ತ ಹೇಳುತ್ತ ನನ್ನ ತಲೆಗೂ ಹೋಗಲಿಲ್ಲ. ಹಾಗಾದರೆ ನಿನ್ನ ಮಾತನ್ನು ಮತ್ತೆ ಸೇರಿಸು ಎಂದರು. ಅದು ಅಳಿಸಿಹೋಗಿದೆ, ಇನ್ನು ಸಿಗುವುದಿಲ್ಲ ಎಂದೆ. ಸಮಿತಿಯ ಮುಂದೆ ತಡೆದುಕೊಂಡಿದ್ದ ಅಳು ಆಗ ಬಂತು. ಕೆಲಸ ಕೈತಪ್ಪಿದ್ದನ್ನೂ ಹೇಳಿಬಿಟ್ಟೆ.

ಅವರು ಸಮಾಧಾನ ಮಾಡಲಿಲ್ಲ. ಒಳಗೆ ಹೋಗಿ ಎರಡು ತಟ್ಟೆ ತಂದು ಅನ್ನ ಬಡಿಸಿದರು. ಆಮೇಲೆ ಫೋನನ್ನು ನನ್ನ ಕಡೆ ತಳ್ಳಿದರು.

“ಅದನ್ನ ಆನ್ ಮಾಡು. ಈ ಸಲ ನಾನು ಕೇಳ್ತೀನಿ, ನೀನು ಹೇಳು.”

ಮಾಡಿದೆ. ತರಗತಿಗಳು ಶುರುವಾದಾಗ ಎಂದಿನಂತೆ ಅರ್ಜಿ ಹಾಕಿ ಮತ್ತೆ ಅತಿಥಿಯಾದೆ, ಮತ್ತೆ ಲ್ಯಾಬಿನಲ್ಲಿ ಕೂತೆ. ಆ ಹೊಸ ರೆಕಾರ್ಡಿಂಗನ್ನು ನಕ್ಷೆಯಲ್ಲಿ ಅವರ ಮನೆಯ ಮೇಲೆಯೇ ಇಟ್ಟಿದ್ದೇನೆ. ಮಧ್ಯಾಹ್ನ ಡಬ್ಬಿ ತೆರೆಯುವಾಗ ಒಮ್ಮೊಮ್ಮೆ ಹಾಕಿಕೊಳ್ಳುತ್ತೇನೆ. ಮೊದಲು ಅಮ್ಮನ ಪ್ರಶ್ನೆ: ಅಲ್ಲಿ ಕಾಲೇಜಲ್ಲಿ ಯಾರ ಜೊತೆ ಊಟಕ್ಕೆ ಕೂರ್ತೀಯ? ಹಿಂದೆಯೇ ತಟ್ಟೆಗೆ ಸಾರು ಬಡಿಸುವ ಸದ್ದು. ಆಮೇಲೆ ನನ್ನ ದನಿ, ‘ಯಾರ ಜೊತೆಗೂ ಇಲ್ಲಮ್ಮ’ ಎನ್ನುತ್ತದೆ. ಅಷ್ಟು ದೊಡ್ಡ ಕಾಗದನಗರದ ನಕ್ಷೆಯಲ್ಲಿ ನಾನು ಆಡಿರುವ ಮಾತು ಅದೊಂದೇ.