ಕಂಪ್ಯೂಟರ್ ಬಂತು, ಮಗು ಬರಲಿಲ್ಲ

ನನ್ನ ಮೊಮ್ಮಗಳಿಗೆ ಹಲ್ಲು ಬಂದಿದೆ. ಕೆಳಗಡೆ, ಒಂದೇ ಒಂದು, ಅಕ್ಕಿಕಾಳಿನಷ್ಟು. ಕಳೆದ ಭಾನುವಾರ ಕಣ್ಣಾರೆ ನೋಡಿದೆ. ಬಿಲ್ಡಿಂಗಿನ ವಾಚ್‌ಮ್ಯಾನಿಗೂ ಹೇಳಿ ಆಯಿತು, ನಿಮಗೆ ಹೇಳದೆ ಇರಲಾದೀತೆ?

ಮಗು ಇರುವುದು ಬಹರೇನಿನಲ್ಲಿ. ಅಳಿಯನಿಗೆ ಅಲ್ಲಿ ಹೋಟೆಲ್ ಕೆಲಸ, ಮಗಳು ಶೋಭಾಳ ಹೆರಿಗೆಯೂ ಅಲ್ಲೇ ಆಯಿತು. ನಾನು ಮತ್ತು ಹೆಂಡತಿ ಗಿರಿಜಾ ಇಲ್ಲಿ ಡೊಂಬಿವಿಲಿಯಲ್ಲಿ. ಮಗುವಿಗೆ ಐದು ತಿಂಗಳು ತುಂಬಿದರೂ ನಮಗೆ ಸಿಕ್ಕಿದ್ದು ಪೋಸ್ಟಿನಲ್ಲಿ ಬಂದ ಎರಡು ಫೋಟೋ. ಎರಡರಲ್ಲೂ ನಿದ್ದೆ ಮಾಡುತ್ತಿದ್ದಳು.

ಆಗ ಪೇಪರಿನಲ್ಲಿ ಬಂತು ಒಂದು ಜಾಹೀರಾತು. ಕಂಪ್ಯೂಟರ್ ಮುಂದೆ ನನ್ನಂಥವನೇ ಒಬ್ಬ ಮುದುಕ (ಕೂದಲು ಮಾತ್ರ ನನಗಿಂತ ಜಾಸ್ತಿ). ಪರದೆಯಲ್ಲಿ ನಗುವ ಮಗು. ಮೇಲುಗಡೆ ಗೋಲಿಯಷ್ಟು ಕ್ಯಾಮೆರಾ. ಇಂಗ್ಲಿಷಿನ ದೊಡ್ಡಕ್ಷರದಲ್ಲಿ ‘ಕಂಪ್ಲೀಟ್ ಸೆಟ್’. ಪಕ್ಕದಲ್ಲೊಂದು ಪುಟ್ಟ ನಕ್ಷತ್ರ. ಚೆಂದಕ್ಕೆ ಹಾಕಿದ್ದು ಅಂದುಕೊಂಡೆ.

ನಾನು ಓದಿದ್ದು ಮೂರನೇ ಕ್ಲಾಸು, ಅದೂ ಕನ್ನಡದಲ್ಲಿ. ಇಂಗ್ಲಿಷ್ ಕಲಿಸಿದ್ದು ಯಾವ ರೈಲು ಎಲ್ಲಿಗೆ ಎಂದು ತೋರಿಸುವ ಸ್ಟೇಷನ್ನಿನ ಇಂಡಿಕೇಟರು. ಮೂವತ್ತು ವರ್ಷ ಫೋರ್ಟಿನ ಆಫೀಸ್ ಕ್ಯಾಂಟೀನಿನ ಕೆಲಸಕ್ಕೆ ಲೋಕಲ್ ರೈಲಿನಲ್ಲಿ ಹೋಗಿಬಂದವನು. ಕೆ ಅಂದರೆ ಕಲ್ಯಾಣ, ಟಿ ಅಂದರೆ ಠಾಣೆ, ಎಫ್ ಅಂದರೆ ಫಾಸ್ಟ್. ಎಲ್ಲ ಕ್ಯಾಪಿಟಲ್ ಅಕ್ಷರ. ಇಂಗ್ಲಿಷಿನ ಸಣ್ಣಕ್ಷರ ನನಗೆ ಇವತ್ತಿಗೂ ಬರುವುದಿಲ್ಲ. ರೈಲ್ವೆಯವರು ಸಣ್ಣಕ್ಷರದಲ್ಲಿ ಬರೆದರೆ ಜನ ಮನೆ ಮುಟ್ಟುವುದು ಹೇಗೆ?

ಮಗ ದಿನೇಶನಿಗೂ ಹೇಳದೆ ಠಾಣೆಯ ಅಂಗಡಿಗೆ ಹೋಗಿ ಬುಕ್ ಮಾಡಿದೆ. ಪೆಟ್ಟಿಗೆ ಬಂತು. ದಿನೇಶ ಭಿವಂಡಿಯ ಗೋದಾಮಿನ ಕೆಲಸದಿಂದ ಬಂದವನೇ ವಯರುಗಳನ್ನು ಜೋಡಿಸಿದ. ಗಿರಿಜಾ ಒಳ್ಳೆ ಸೀರೆ ಉಟ್ಟು ಎದುರು ಕೂತಳು. ಪರದೆ ನೀಲಿಯಾಯಿತು. ಅಷ್ಟೇ.

“ಮಗು ಎಲ್ಲುಂಟು?” ಅಂದಳು.

“ಅಪ್ಪಾ, ಇದರಲ್ಲಿ ಕ್ಯಾಮೆರಾನೇ ಇಲ್ಲ. ಇಂಟರ್ನೆಟ್ಟೂ ಬೇರೆ ತಗೊಳ್ಬೇಕು” ಅಂದ ದಿನೇಶ.

“ನಿನ್ನ ಅಪ್ಪ ಟಿವಿ ತಂದಿದ್ದಾರೆ ಮಾರಾಯ. ಅದೂ ಚಾನೆಲ್ ಇಲ್ಲದ್ದು.”

ಮರುದಿನ ಪೇಪರ್ ಹಿಡಿದು ಅಂಗಡಿಗೆ ಓಡಿದೆ. “ಕಾಕಾ, ಖಾಲೀ ಲಿಹಿಲಂಯ್ ನಾ” ಅಂದಳು ಕೌಂಟರಿನ ಹುಡುಗಿ. ಕೆಳಗೆ ಬರೆದಿದೆಯಲ್ಲ ಎಂದು ಬೆರಳಿಟ್ಟು ತೋರಿಸಿದಳು. ಅಲ್ಲೂ ಅದೇ ಪುಟ್ಟ ನಕ್ಷತ್ರ, ಅದರ ಹಿಂದೆ ಇರುವೆ ಸಾಲಿನಂತೆ ಏನೋ ಹರಿದಿತ್ತು. ಪಾಪ, ಅವಳೇ ಓದಿ ಹೇಳಿದಳು: ಕ್ಯಾಮೆರಾ ಸೇರಿಲ್ಲ. ಇಂಟರ್ನೆಟ್ ಸೇರಿಲ್ಲ. ಚಿತ್ರ ಮಾದರಿಗೆ ಮಾತ್ರ.

“ಮಗುವೂ ಮಾದರಿಗಾ?”

“ಮಗುವೂ, ಕಾಕಾ.”

ಕ್ಯಾಮೆರಾ ಅವತ್ತೇ ಸಿಕ್ಕಿತು. ಇಂಟರ್ನೆಟ್ ಲೈನಿಗೆ ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಮಗು ಮಗುಚಿತು, ಅಂಬೆಗಾಲಿಡಲು ನೋಡಿತು, ಬೀಳದೆ ಕೂತಿತು. ಎಲ್ಲ ಫೋನಿನಲ್ಲಿ ಕೇಳಿದ್ದು. ಗಿರಿಜಾ ದಿನಾ ಆ ಕಪ್ಪು ಪರದೆಯ ಧೂಳು ಒರೆಸುತ್ತಿದ್ದಳು. ದೊಡ್ಡಕ್ಷರದಲ್ಲಿ ಆಸೆ ಹುಟ್ಟಿಸಿ ಸಣ್ಣಕ್ಷರದಲ್ಲಿ ಕೈ ತೊಳೆದುಕೊಂಡರೆ ಕಂಪನಿಯವರ ಕೆಲಸ ಮುಗಿಯಿತು. ಮಗು ಮೊದಲ ಸಲ ಮಗುಚಿದ್ದನ್ನು ಮತ್ತೆ ತೋರಿಸಿ ಎಂದು ನಾವು ಯಾವ ಅಂಗಡಿಯಲ್ಲಿ ಕೇಳುವುದು?

ಭಾನುವಾರ ಲೈನ್ ಬಂತು. ಪರದೆಯ ಮೇಲೆ ಮೊಮ್ಮಗಳು ಶ್ರೇಯಾ ಬಂದಳು. ಮುಖ ಒಮ್ಮೆ ತುಂಡುತುಂಡಾಗುತ್ತಿತ್ತು, ಮತ್ತೆ ಕೂಡಿಕೊಳ್ಳುತ್ತಿತ್ತು. ನನ್ನನ್ನು ನೋಡಿ ನಕ್ಕಳು (ನನ್ನನ್ನೇ, ದಿನೇಶನನ್ನಲ್ಲ). ಹಲ್ಲು ಕಂಡಿದ್ದು ಆಗಲೇ.

“ಅಪ್ಪಾ, ಇವತ್ತು ಎಲ್ಲರೂ ಒಟ್ಟಿಗೆ ಊಟ ಮಾಡುವ” ಅಂದಳು ಶೋಭಾ. ಅವರಿಗೆ ಇನ್ನೂ ಸಂಜೆ. ಆದರೂ ಬಡಿಸಿಕೊಂಡರು. ಇಲ್ಲಿ ನಾವು ಮೂವರು ಕಂಪ್ಯೂಟರ್ ಮುಂದೆ ತಟ್ಟೆ ಇಟ್ಟುಕೊಂಡೆವು. ಸಾರು ಜಾಸ್ತಿ ಖಾರ ಎಂದು ಅಳಿಯ ಅಲ್ಲಿ ಗೊಣಗಿದ, ದಿನೇಶ ಇಲ್ಲಿ ನಕ್ಕ. ಗಿರಿಜಾ ಮಾತ್ರ ಉಣ್ಣಲಿಲ್ಲ. ತುಪ್ಪ ಹಾಕಿ ಅನ್ನವನ್ನು ಮೆತ್ತಗೆ ನುರಿದಳು, ಪುಟ್ಟದೊಂದು ತುತ್ತು ಮಾಡಿ ಪರದೆಯ ಹತ್ತಿರ ಹಿಡಿದಳು.

“ಆ ಮಾಡು, ಪುಟ್ಟಿ.”

ಮಗು ಬಾಯಿ ತೆರೆಯಿತು. ತೆರೆದುಕೊಂಡೇ ಕಾದು ಕೂತಿತು.

ಆ ತುತ್ತನ್ನು ಹಿಡಿದವಳು ಈಗ ಏನು ಮಾಡಬೇಕು, ನೀವೇ ಹೇಳಿ?